‘ಹ್ಯಾಪಿಲಿ’ಯನ್ನು ಎಲ್ಲಿ ಇಡಬೇಕು?

ಹೈಸ್ಕೂಲಿನಲ್ಲಿ ನಾನು ಬರೆದ ಇಂಗ್ಲಿಷ್ ಪತ್ರ ಶುರುವಾಗಿದ್ದೇ ಹೀಗೆ: ‘ಐ ಆ್ಯಮ್ ಹ್ಯಾಪಿಲಿ ಟು ಇನ್‌ಫಾರ್ಮ್ ಯು’. ಮೇಷ್ಟ್ರು ‘ಲಿ’ ಮೇಲೆ ಕೆಂಪು ಗೀಟು ಎಳೆದರು, ಕಾರಣ ಹೇಳಲಿಲ್ಲ. ಕಾರಣ ಇದ್ದದ್ದು ನಮ್ಮ ಕನ್ನಡದಲ್ಲೇ. ‘ಅವಳು ಖುಷಿಯಾಗಿ ಹಾಡಿದಳು’ ಅನ್ನುತ್ತೇವೆ, ‘ಅವಳು ಖುಷಿಯಾಗಿದ್ದಾಳೆ’ ಅಂತಲೂ ಅನ್ನುತ್ತೇವೆ. ಒಂದೇ ‘ಖುಷಿಯಾಗಿ’ಯಲ್ಲಿ ಎರಡೂ ಕೆಲಸ ಮುಗಿಯಿತು. ಇಂಗ್ಲಿಷಿಗೆ ಎರಡು ಪದ ಬೇಕು.

ಮೊದಲು ಸ್ಪೆಲಿಂಗ್. ‘ಹ್ಯಾಪಿ’ಯ ಕೊನೆಯ ವೈ ತೆಗೆದು ಐ ಹಾಕಿ, ಆಮೇಲೆ ಎಲ್-ವೈ ಸೇರಿಸಿ. ಅಷ್ಟೇ.

ಎರಡನೆಯದಾಗಿ, ಖುಷಿ ಯಾರದು, ಯಾವುದರದು ಅಂತ ಕೇಳಿಕೊಳ್ಳಿ. ಮಾಡುವ ಕೆಲಸದ ರೀತಿ ಹೇಳುವುದಾದರೆ ಹ್ಯಾಪಿಲಿ: ‘ಶಿ ಸ್ಯಾಂಗ್ ಹ್ಯಾಪಿಲಿ’. ವ್ಯಕ್ತಿಯ ಸ್ಥಿತಿ ಹೇಳುವುದಾದರೆ ಹ್ಯಾಪಿ: ‘ಶಿ ಈಸ್ ಹ್ಯಾಪಿ’, ‘ಶಿ ಸೀಮ್ಸ್ ಹ್ಯಾಪಿ’. ‘ಲುಕ್’ ಬಂದಾಗ ಹುಷಾರು. ‘ಶಿ ಲುಕ್ಡ್ ಹ್ಯಾಪಿ’ ಅಂದರೆ ನೋಡಿದವರಿಗೆ ಆಕೆ ಖುಷಿಯಾಗಿ ಕಂಡಳು. ‘ಶಿ ಲುಕ್ಡ್ ಹ್ಯಾಪಿಲಿ ಅಟ್ ದ ಬೇಬಿ’ ಅಂದರೆ ಮಗುವನ್ನು ಆಕೆಯೇ ಖುಷಿಯಿಂದ ನೋಡಿದಳು. ಹಾಗಾದರೆ ‘ದೇ ಆರ್ ಹ್ಯಾಪಿಲಿ ಮ್ಯಾರೀಡ್’ ಹೇಗೆ ಸರಿ ಅಂತೀರಾ? ಅಲ್ಲಿ ಹ್ಯಾಪಿಲಿ ಅಂಟಿಕೊಂಡಿರುವುದು ‘ಮ್ಯಾರೀಡ್’ಗೆ, ‘ಆರ್’ಗಲ್ಲ.

ಮೂರನೆಯದು ಜಾಗ. ನಿಜವಾದ ಮಜಾ ಇರುವುದು ಇಲ್ಲೇ. ‘ಹಿ ಡಿಡ್ ನಾಟ್ ಡೈ ಹ್ಯಾಪಿಲಿ’ ಅಂದರೆ ಮನುಷ್ಯ ಸತ್ತಿದ್ದಾನೆ, ಸಾವು ಮಾತ್ರ ನೆಮ್ಮದಿಯದಾಗಿರಲಿಲ್ಲ. ಅದೇ ಪದವನ್ನು ಮುಂದಕ್ಕೆ ತಂದು ಒಂದು ಅಲ್ಪವಿರಾಮ ಹಾಕಿ: ‘ಹ್ಯಾಪಿಲಿ, ಹಿ ಡಿಡ್ ನಾಟ್ ಡೈ’. ಈಗ ಅವನು ಬದುಕಿದ! ಸದ್ಯ, ಸಾಯಲಿಲ್ಲ. ವಾಕ್ಯದ ಮೊದಲಿಗೆ ಬಂದ ಹ್ಯಾಪಿಲಿಗೆ ನಮ್ಮ ‘ಸದ್ಯ’, ‘ಪುಣ್ಯಕ್ಕೆ’ ಇವೇ ತಕ್ಕ ಮಾತು. ‘ಸಂತೋಷದಿಂದ ಅವನು ಸಾಯಲಿಲ್ಲ’ ಅಂತ ಅನುವಾದಿಸಿದರೆ ಕೆಟ್ಟಿತು.

ಈ ‘ಪುಣ್ಯಕ್ಕೆ’ ಎಲ್ಲಿಂದ ಬಂತು? ‘ಹ್ಯಾಪಿ’ಯ ಬೇರು ‘ಹ್ಯಾಪ್’, ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅರ್ಥ ಅದೃಷ್ಟ. ‘ಪರ್‌ಹ್ಯಾಪ್ಸ್’, ‘ಹ್ಯಾಪನ್’, ‘ಮಿಸ್‌ಹ್ಯಾಪ್’ ಎಲ್ಲ ಅದೇ ಮನೆಯವು. ಇಂಗ್ಲಿಷಿನವರಿಗೆ ಖುಷಿಗಿಂತ ಮೊದಲು ಅದರಲ್ಲಿ ಕಂಡದ್ದು ಅದೃಷ್ಟವೇ.

ಕೊನೆಗೆ ದಾಯಾದಿಗಳು, ಅಂದರೆ ಹ್ಯಾಪಿಲಿಗೆ ಹತ್ತಿರದ ಅರ್ಥದ ಪದಗಳು. ಯಾರಾದರೂ ಸಹಾಯ ಕೇಳಿ, ‘ಧಾರಾಳವಾಗಿ ಮಾಡ್ತೀನಿ’ ಅನ್ನಬೇಕಿದ್ದರೆ ‘ಗ್ಲ್ಯಾಡ್ಲಿ’ ಚೆನ್ನ. ಅದರಲ್ಲಿ ಖುಷಿಗಿಂತ ಒಪ್ಪಿಗೆ ಹೆಚ್ಚು. ‘ಜಾಯ್‌ಫುಲಿ’ಯದು ತುಂಬಿ ತುಳುಕುವ ಸಂಭ್ರಮ, ಆಫೀಸಿನ ಈಮೇಲ್‌ಗೆ ಅತಿಯಾಯಿತು. ‘ಮೆರಿಲಿ’ಯಲ್ಲಿ ಕೆಲವೊಮ್ಮೆ ಸಣ್ಣ ಕುಟುಕು ಇರುತ್ತದೆ: ತಲೆಯ ಮೇಲೆ ಸಾಲ ಇಟ್ಟುಕೊಂಡು ‘ಮೆರಿಲಿ’ ಖರ್ಚು ಮಾಡಿದ ಅಂದರೆ, ಹೊಗಳಿಕೆಯಲ್ಲ.