ಕೋಪೆಪಾಡ್ ಡಿಎನ್‌ಎಗೆ ಯುವಿ ಏನು ಮಾಡತ್ತೆ: ನನ್ನ ಅನುಭವ

ಕಾರವಾರದಲ್ಲಿ ಪ್ರಾಜೆಕ್ಟ್ ಮಾಡ್ತಿದ್ದಾಗ ನನ್ನ ಕೆಲಸ ಪೂರ್ತಿ ಕೋಪೆಪಾಡ್ ಮೇಲೇ. ಸೀಗಡಿ, ಏಡಿಗಳ ನೆಂಟ, ಮಿಲಿಮೀಟರ್ ಆಸುಪಾಸು ಉದ್ದ, ಬಂಗಡೆಗಂತೂ ಇದೇ ಊಟ. ಪ್ಲಾಂಕ್ಟನ್ ನೆಟ್ ಎಳೆದು, ಮೈಕ್ರೋಸ್ಕೋಪ್ ಕೆಳಗೆ ಡ್ರಾಪರ್‌ನಲ್ಲಿ ಒಂದೊಂದೇ ಆರಿಸೋದು, ಕತ್ತು ಹೋಗತ್ತೆ.

ಇವುಗಳ ಮೇಲೆ ಯುವಿ-ಬಿ ಲ್ಯಾಂಪ್ ಬಿಟ್ಟು ಡಿಎನ್‌ಎಗೆ ಏನಾಗತ್ತೆ ಅಂತ ನೋಡೋದು ಪ್ರಯೋಗ, ಆ ಲ್ಯಾಂಪ್ ಸೆಟಪ್ ಮೊದಲು ಹೇಳ್ತೀನಿ. ಯುವಿ-ಬಿ ಅಂದ್ರೆ 280ರಿಂದ 315 ನ್ಯಾನೋಮೀಟರ್, ಆದ್ರೆ ಲ್ಯಾಂಪಿನ ಟ್ಯೂಬಿಂದ ಸ್ವಲ್ಪ ಯುವಿ-ಸಿ (ಅದಕ್ಕಿಂತ ಚಿಕ್ಕ ತರಂಗದ್ದು) ಕೂಡ ಬರತ್ತೆ, ಸೂರ್ಯನ ಯುವಿ-ಸಿ ನೆಲಕ್ಕೇ ಇಳಿಯಲ್ಲ, ಅದಕ್ಕೆ ಸೆಲ್ಯುಲೋಸ್ ಅಸಿಟೇಟ್ ಶೀಟ್ ಅಡ್ಡ ಇಡಬೇಕು, ಅದೂ ಬೇಗ ಹಾಳಾಗತ್ತೆ, ಬದಲಾಯಿಸ್ತಾ ಇರಿ. ಹೋಲಿಕೆಗೆ ಇಡೋ ಕಂಟ್ರೋಲ್ ಡಿಶ್‌ಗೆ ಮೈಲಾರ್ ಅನ್ನೋ ಪ್ಲಾಸ್ಟಿಕ್ ಶೀಟ್, ಅದು ಯುವಿ-ಬಿನೇ ತಡೆಯತ್ತೆ. ಡಿಶ್ ಮುಚ್ಚಳ ತೆಗೀಲೇಬೇಕು, ಪ್ಲಾಸ್ಟಿಕ್ ಯುವಿ-ಬಿನ ನುಂಗಿಬಿಡತ್ತೆ.

ಒಳಗೆ ಆಗೋದೇನಂದ್ರೆ ಡಿಎನ್‌ಎಯಲ್ಲಿ ಅಕ್ಕಪಕ್ಕ ಇರೋ ಎರಡು ಥೈಮಿನ್ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಒಂದಕ್ಕೊಂದು ಅಂಟಿಕೊಂಡು ಡೈಮರ್ ಆಗತ್ತೆ, ಕಾಪಿ ಮಾಡೋ ಎಂಜೈಮ್ ಅಲ್ಲಿ ಬಂದು ನಿಂತುಬಿಡತ್ತೆ. ಇದನ್ನ ಕಾಮೆಟ್ ಅಸ್ಸೇಲಿ (ಕರೆಂಟ್ ಕೊಟ್ಟಾಗ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದ ಥರ ಹೊರಗೆ ಹರಿಯೋ ಪರೀಕ್ಷೆ) ನೋಡ್ಬೇಕು ಅಂದ್ರೆ ಒಂದು ತೊಡಕಿದೆ: ಅಸ್ಸೇ ತೋರ್ಸೋದು ತುಂಡಾದ ಡಿಎನ್‌ಎ, ಡೈಮರ್ ತುಂಡಲ್ಲ. ಹಾಗಾಗಿ ಸೆಲ್‌ಗಳನ್ನ ಅಗರೋಸ್ ಜೆಲ್‌ನಲ್ಲಿ ಕೂರಿಸಿ, ಲೈಸಿಸ್ (ಸೆಲ್ ಒಡೆಯೋದು) ಆದ್ಮೇಲೆ ಟಿ4 ಎಂಡೋನ್ಯೂಕ್ಲಿಯೇಸ್ ವಿ ಅನ್ನೋ ಎಂಜೈಮ್ ಹಾಕ್ತಿದ್ದೆ, ಅದು ಡೈಮರ್ ಇದ್ದಲ್ಲೇ ಕತ್ತರಿಸತ್ತೆ, ಆಮೇಲೆ ಕರೆಂಟ್ ಕೊಟ್ರೆ ಬಾಲ ಕಾಣತ್ತೆ.

ನಿಜವಾದ ಮಜಾ ಲ್ಯಾಂಪ್ ಆರಿಸಿದ ಮೇಲೆ. ಕೋಪೆಪಾಡ್‌ಗೆ ಫೋಟೋಲೈಯೇಸ್ ಅನ್ನೋ ಎಂಜೈಮ್ ಇದೆ (ನಮಗಿಲ್ಲ), ನೀಲಿ ಬೆಳಕು ಅಥವಾ ಯುವಿ-ಎ (ಯುವಿ-ಬಿಗಿಂತ ಉದ್ದ ತರಂಗದ್ದು) ಸಿಕ್ರೆ ಅದೇ ಡೈಮರ್ ಬಿಡಿಸತ್ತೆ. ಅರ್ಧ ಪ್ರಾಣಿಗಳನ್ನ ಕತ್ತಲಲ್ಲಿ, ಇನ್ನರ್ಧ ಬೆಳಕಲ್ಲಿ ಇಟ್ಟೆ, ಕತ್ತಲಲ್ಲಿದ್ದವುಗಳ ಬಾಲ ಎದ್ದು ಕಾಣೋಷ್ಟು ಉದ್ದ, ಅಂದ್ರೆ ಡೈಮರ್ ಇನ್ನೂ ಜಾಸ್ತಿ ಉಳಿದಿದೆ. ಕತ್ತಲಲ್ಲೂ ಬೇರೆ ರಿಪೇರಿ ನಡಿಯತ್ತೆ, ಆದ್ರೆ ನಿಧಾನ. ಕೆಲಸದ ಮಧ್ಯೆ ರಿಪೇರಿ ಆಗ್ಬಾರ್ದು ಅಂತ ಸ್ಯಾಂಪಲ್ ತೆಗೆಯೋವಾಗ ರೂಮಿನ ಟ್ಯೂಬ್‌ಲೈಟ್ ಬಂದ್, ಬರೀ ಕೆಂಪು ಬಲ್ಬ್, ಐಸ್ ಮೇಲೆ ಕೆಲಸ. ಯಾರಾದ್ರೂ ಬಾಗಿಲು ತೆಗೆದ್ರೆ ನಾನು ಕಿರುಚ್ತಿದ್ದೆ.

ಹಾಗಾಗಿ ಬರೀ ಯುವಿ-ಬಿ ಲ್ಯಾಂಪ್ ಹಾಕಿ ಕತ್ತಲಲ್ಲಿಟ್ಟ ರಿಸಲ್ಟ್ ನೋಡಿ ಸಮುದ್ರದಲ್ಲಿ ಎಲ್ಲಾ ಸಾಯತ್ತೆ ಅನ್ನೋದನ್ನ ನಾನು ಒಪ್ಪಲ್ಲ, ಬಿಸಿಲಲ್ಲಿ ಪೆಟ್ಟೂ ಔಷಧಿನೂ ಒಟ್ಟಿಗೇ ಬರತ್ತೆ. ಮೇಲಾಗಿ ಮಳೆಗಾಲದಲ್ಲಿ ಕಾಳಿ ನದಿ ಕೆಸರು ಬಂದು ಸೇರಿದ ನೀರಲ್ಲಿ ಯುವಿ-ಬಿ ಜಾಸ್ತಿ ಆಳ ಹೋಗಲ್ಲ, ಲಕ್ಷದ್ವೀಪದ ತಿಳಿನೀರಾದ್ರೆ ಲೆಕ್ಕವೇ ಬೇರೆ. ನೌಪ್ಲಿಯಸ್, ಅಂದ್ರೆ ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಧೈರ್ಯ ಇಲ್ಲ, ಸೆಲ್ ಡಿವಿಷನ್ ಜೋರಾಗಿರತ್ತೆ, ರಿಪೇರಿ ಮುಗಿಯೋ ಮೊದಲೇ ಕಾಪಿ ಶುರುವಾಗ್ಬಹುದು.