ಆಕಲಿ ಅಂದರೆ ಆಕಳಲ್ಲ

ರಾಯಚೂರಿನ ಒಂದು ಕಾಲೇಜಿನ ಮಕ್ಕಳ ಕೇಂದ್ರವನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಎರಡು ಕೋಣೆ, ಒಂದು ವರಾಂಡ, ಅಂಗಳದಲ್ಲೊಂದು ಬೇವಿನ ಮರ. ಒಂದೂವರೆಯಿಂದ ಐದು ವರ್ಷದ ಇಪ್ಪತ್ತು ಮಕ್ಕಳು. ಉಪನ್ಯಾಸಕಿಯರ ಮಕ್ಕಳಿದ್ದಾರೆ, ಕಸ ಗುಡಿಸುವ ಅಕ್ಕನ ಮಗಳಿದ್ದಾಳೆ, ಮದುವೆಯಾದ ಮೇಲೂ ಓದು ಬಿಡದ ವಿದ್ಯಾರ್ಥಿನಿಯರ ಕೂಸುಗಳೂ ಇದ್ದಾವೆ.

ಶಿಶು ಬೆಳವಣಿಗೆ ಓದುವ ಹುಡುಗಿಯರು ನಮ್ಮಲ್ಲಿಗೇ ಪ್ರಾಕ್ಟಿಕಲ್‌ಗೆ ಬರುತ್ತಾರೆ. ಮೊದಲು ವಾರಕ್ಕೊಂದು ತಂಡ ಬದಲಾಗುತ್ತಿತ್ತು. ಎಲ್ಲರಿಗೂ ಅವಕಾಶ ಸಿಗಲಿ ಅಂತ ಆ ಪಟ್ಟಿ ಮಾಡಿದ್ದು ನಾನೇ. ಸೋಮವಾರ ಬಂದರೆ ಅಳುವೋ ಅಳು. ಶನಿವಾರ ನಗುನಗುತ್ತಾ ಮನೆಗೆ ಹೋದ ಮಗು ಸೋಮವಾರ ಹೊಸ ಮುಖ ನೋಡಿ ಮತ್ತೆ ಬಾಗಿಲು ಹಿಡಿದು ನಿಲ್ಲುತ್ತಿತ್ತು.

ಒಂದು ದಿನ ಎರಡೂವರೆ ವರ್ಷದ ಹುಡುಗನೊಬ್ಬ "ಆಕಲಿ, ಆಕಲಿ" ಎಂದು ಅಳತೊಡಗಿದ. ಮನೆಮಾತು ತೆಲುಗು. ಆ ವಾರದ ಹುಡುಗಿ ಧಾರವಾಡದ ಕಡೆಯವಳು. ಆಕಳು ಕೇಳುತ್ತಿದ್ದಾನೆ ಅಂದುಕೊಂಡು ಚಿತ್ರದ ಪುಸ್ತಕ ತಂದು ಆಕಳು ತೋರಿಸಿದಳು. ಅವನು ಪುಸ್ತಕ ತಳ್ಳಿದ. ಅವಳು ಕರು ತೋರಿಸಿದಳು. ತೆಲುಗಿನಲ್ಲಿ ಆಕಲಿ ಅಂದರೆ ಹಸಿವು. ನಾನು ಬರುವಷ್ಟರಲ್ಲಿ ಅತ್ತು ಅತ್ತು ಹಸಿದ ಹೊಟ್ಟೆಯಲ್ಲೇ ಮಲಗಿಬಿಟ್ಟಿದ್ದ. ಆ ಹುಡುಗಿಯ ತಪ್ಪೇನೂ ಇಲ್ಲ. ಹಿಂದಿನ ವಾರದವಳಿಗೆ ಅವನ ಮಾತು ತಿಳಿಯುತ್ತಿತ್ತು, ಆದರೆ ಅವಳು ಆಗ ಕ್ಲಾಸಿನಲ್ಲಿದ್ದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಪಟ್ಟಿ ತೆಗೆದುಹಾಕಿದೆ. ಈಗ ಒಬ್ಬ ಹುಡುಗಿಗೆ ನಾಲ್ಕು ಮಕ್ಕಳು, ಇಡೀ ಸೆಮಿಸ್ಟರ್ ಅದೇ ನಾಲ್ವರು. ಉಣಿಸುವುದು, ಮಲಗಿಸುವುದು, ಚಡ್ಡಿ ಬದಲಿಸುವುದು ಎಲ್ಲ ಅವಳೇ. ಚಡ್ಡಿ ಬದಲಿಸುವಾಗ ಮಗುವಿನ ಜೊತೆ ಆಡುವ ಮಾತು ಪಾಠಕ್ಕಿಂತ ಜಾಸ್ತಿ ಕಲಿಸುತ್ತದೆ ಎಂದು ನಾನು ನಂಬಿದ್ದೇನೆ. "ಉಳಿದವರ ಪ್ರಾಕ್ಟಿಕಲ್ ಗತಿ ಏನು ಮೇಡಂ?" ಎಂದು ತಕರಾರು ಬಂತು. ಅವರು ಕಿಟಕಿಯ ಆಚೆ ಕೂತು ಗಮನಿಸಿ ಬರೆಯುತ್ತಾರೆ, ಆಟದ ಸಾಮಾನು ಮಾಡುತ್ತಾರೆ. ಅವರ ಸರದಿ ಮುಂದಿನ ಸೆಮಿಸ್ಟರ್‌ಗೆ.

ತಾಯಂದಿರ ವಿಷಯದಲ್ಲೂ ಒಂದು ಹಠ ಹಿಡಿದೆ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿ ಬರಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತ್ತು. ಅದು ನೌಕರರಿಗೆ. ಹಾಲೂಡಿಸುವ ವಿದ್ಯಾರ್ಥಿನಿಗೂ ಅದೇ ಹಸಿವಿನ ಕೂಸು ಇರುತ್ತದೆ ಅಲ್ವಾ? ಅವರಿಗೂ ಬಿಟ್ಟೆವು.

ಬಿಸಿಲಿನ ಊರು ನಮ್ಮದು. ಬೇಸಿಗೆಯಲ್ಲಿ ಅಂಗಳದ ಆಟ ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ.

ಗೋಡೆಯ ಮೇಲೆ ಈಗ ಒಂದು ದೊಡ್ಡ ಹಾಳೆ ಇದೆ. ನೀರು, ಹಸಿವು, ನಿದ್ದೆ, ಅವ್ವ. ಪಕ್ಕದಲ್ಲಿ ತೆಲುಗು, ಉರ್ದು, ಎಲ್ಲ ಕನ್ನಡ ಲಿಪಿಯಲ್ಲೇ. ಬರೆಸಿದ್ದು ತಾಯಂದಿರು. ಕಸ ಗುಡಿಸುವ ಅಕ್ಕ ಲಂಬಾಣಿ ತಾಂಡಾದವಳು. ಹಲವು ದಿನ ಸುಮ್ನೆ ನಿಂತು ನೋಡಿ ಹೋಗುತ್ತಿದ್ದಳು. ಹೋದ ತಿಂಗಳು ಪೆನ್ನು ನನ್ನ ಕೈಗೆ ಕೊಟ್ಟು, "ಅಮ್ಮಾರೇ, ನಮ್ಮದೂ ಬರೀರಿ" ಎಂದಳು. ಅವ್ವ ಎಂಬುದರ ಮುಂದೆ ಬರೆದೆ: ಯಾಡಿ.