ಪುಟ್ಟಿಯ ಗುರಿಪಟ್ಟಿ ಶುರುವಾದದ್ದು ಬಚ್ಚಲಿನಿಂದ

ಮಗಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದ ಕೂಡಲೇ ಬರುವ ಪ್ರಶ್ನೆ ಒಂದೇ: "ಯಾವ ಕ್ಲಾಸಿನ ಪುಸ್ತಕ ಹೇಳಿಕೊಡ್ತೀರಿ?" ಪುಟ್ಟಿಗೆ ಈಗ ಹತ್ತು ವರ್ಷ. ಹುಟ್ಟಿನಿಂದಲೇ ಬರುವ, ಬೆಳವಣಿಗೆ ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇದೆ, ಜೊತೆಗೆ ಎರಡೂ ಕಿವಿ ಮಂದ. ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ತಲೆಯ ಮೇಲೆ ನಮ್ಮದು ಒಂಟಿ ಮನೆ. ಅವಳ ಗುರಿಗಳನ್ನು ನಾನು ಕ್ಲಾಸಿನ ಪುಸ್ತಕದಿಂದ ತೆಗೆಯುವುದಿಲ್ಲ, ಈ ಮನೆಯ ದಿನದಿಂದ ತೆಗೆಯುತ್ತೇನೆ. ದಿನದಲ್ಲಿ ಜಾಗ ಸಿಗದ ಗುರಿ ಎಷ್ಟೇ ಚೆಂದ ಕಂಡರೂ ನಮ್ಮ ಪಟ್ಟಿಗೆ ಬರುವುದಿಲ್ಲ.

ಹಾಗಂತ ಶಾಲೆಗೂ ಅವಳಿಗೂ ಸಂಬಂಧ ಹರಿದಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಹೆಸರಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮತ್ತು ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳಬಹುದು ಎಂದಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕೂ ಇದೆ. ಆದ್ದರಿಂದ ಮನೆಯಲ್ಲಿ ಕಲಿಸುವವರು ಶಾಲೆಯ ದಾಖಲಾತಿ ಬಿಡಬೇಡಿ. ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕ) ಮೇಷ್ಟ್ರು ಮನೆಗೆ ಬರುವುದು ಆ ದಾಖಲಾತಿಯ ಬಲದಿಂದಲೇ. ನಮ್ಮಲ್ಲಿಗೆ ಬರುವವರು ಮಳೆಗಾಲದಲ್ಲಿ ಹಳ್ಳ ಇಳಿದ ಮೇಲೆ ಬರುತ್ತಾರೆ, ಪಾಪ, ಬೈಕು ಆಚೆ ದಡದಲ್ಲೇ ನಿಲ್ಲಿಸಿ.

ಗುರಿ ಬರೆಯುವ ಮೊದಲು ಮಾಡಿಸಲೇಬೇಕಾದ್ದು ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಮೂರರ ತೊಂದರೆ ಸಾಮಾನ್ಯ. ಥೈರಾಯ್ಡ್ ಕಡಿಮೆಯಾಗಿ ಮಂಕಾಗಿ ಕೂತ ಮಗುವನ್ನು ಸೋಮಾರಿ ಎಂದು ಬೈಯುವ ಮನೆಗಳನ್ನು ನೋಡಿದ್ದೇನೆ. ಪುಟ್ಟಿಯ ಕಿವಿ ಪರೀಕ್ಷೆ ಆದದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ಕಿವಿ ಮಷೀನು ಬಂದ ಮೇಲೆಯೇ ಮಾತಿನ ಗುರಿಗೆ ಅರ್ಥ ಬಂತು. ಮಲೆನಾಡಿನ ಮಳೆಗಾಲದ ತೇವಕ್ಕೆ ಆ ಮಷೀನು ಬೇಗ ಕೆಡುತ್ತದೆ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು. ಡಬ್ಬಿಯ ಮುಚ್ಚಳ ತಿರುಗಿಸುವುದೇ ಅವಳ ಬೆರಳಿಗೆ ನಾವು ಇಟ್ಟ ಮೊದಲ ಗುರಿ. ಮಣಿ ಪೋಣಿಸುವ ಆಟಿಕೆ ತರಿಸಿದ್ದರೆ ಅದು ವಾರದಲ್ಲಿ ಮೂಲೆ ಸೇರುತ್ತಿತ್ತು. ಡಬ್ಬಿಯನ್ನಾದರೆ ದಿನಾ ರಾತ್ರಿ ಮುಚ್ಚಲೇಬೇಕು, ಬೆಳಿಗ್ಗೆ ತೆಗೆಯಲೇಬೇಕು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅವಳ ಪರವಾಗಿ ನಾವು ಮಾಡುವ ಕೆಲಸಗಳನ್ನೆಲ್ಲ ಬರೆದೆ. ಅವಳಿಗೆ ಏನು ಬರುವುದಿಲ್ಲ ಎಂದು ಬರೆಯಲು ಹೊರಟರೆ ಪಟ್ಟಿಗೆ ಕೊನೆಯಿಲ್ಲ, ಮನಸ್ಸಿಗೂ ಹಿತವಲ್ಲ. ನಾವು ಏನು ಮಾಡಿಕೊಡುತ್ತೇವೆ ಎಂದು ಬರೆದರೆ ಕೆಲಸ ಕಣ್ಣೆದುರು ನಿಲ್ಲುತ್ತದೆ. ಹಲ್ಲುಜ್ಜಿಸುವುದು, ಜಡೆ, ತುತ್ತು, ಚಪ್ಪಲಿ, ಸ್ನಾನ. ಹೆಚ್ಚಿನ ಗೆರೆಗಳು ಬಚ್ಚಲಲ್ಲೇ ಬಿದ್ದವು.

ತಜ್ಞರ ಪಟ್ಟಿಗಳನ್ನೂ ನೋಡಿದೆ. ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್ ಎಂಬುದರಲ್ಲಿ 18 ವಿಭಾಗ, ಒಂದೊಂದರಲ್ಲಿ 20ರಂತೆ 360 ಅಂಶಗಳಿವೆ. ಊಟ, ಬಟ್ಟೆ, ಮಾತು, ಹಣ, ಹೊತ್ತು, ಮನೆಗೆಲಸ ಎಲ್ಲವೂ ಸುಲಭದ್ದರಿಂದ ಕಷ್ಟದ್ದಕ್ಕೆ ಸಾಲಾಗಿ. ಅಮೆರಿಕದ ಪೋರ್ಟೇಜ್ ಎಂಬ ಊರಿನಲ್ಲಿ 1969ರಲ್ಲಿ ಶುರುವಾದ ಪೋರ್ಟೇಜ್ ಪದ್ಧತಿ ಹುಟ್ಟಿದ್ದೇ ದೂರದೂರದ ಹಳ್ಳಿಮನೆಗಳಿಗೆ ಹೋಗಿ ತಾಯಂದಿರಿಗೆ ಕಲಿಸುವುದಕ್ಕೆ. ನಮ್ಮಂಥ ಒಂಟಿ ಮನೆಯವರಿಗೆ ಅದು ಹತ್ತಿರ ಅನ್ನಿಸುತ್ತದೆ. ಆದರೆ 360 ಅಂಶ ಹಿಡಿದು ಕೂತರೆ ತಲೆ ತಿರುಗುತ್ತದೆ. ನಾನು ಆ ಪಟ್ಟಿಯನ್ನು ಒಂದೇ ಕೆಲಸಕ್ಕೆ ಬಳಸುತ್ತೇನೆ: ನಮ್ಮ ನೋಟ್‌ಬುಕ್ಕಿನಿಂದ ಒಂದು ಕೆಲಸ ಆರಿಸಿದ ಮೇಲೆ, ಅದರ ಹಿಂದಿನ ಮೆಟ್ಟಿಲು ಅವಳಿಗೆ ಬಂದಿದೆಯೋ ಇಲ್ಲವೋ ನೋಡುವುದಕ್ಕೆ.

ಬಚ್ಚಲಿನ ಗುರಿಯನ್ನು ಕೊಂಚ ಬಿಡಿಸಿ ಹೇಳುತ್ತೇನೆ. "ಪುಟ್ಟಿ ತಾನೇ ಸ್ನಾನ ಮಾಡಬೇಕು" ಎಂದು ಬರೆದರೆ ಅದು ಆಸೆ. ಅವಳ ಸ್ನಾಯುಗಳು ಹುಟ್ಟಿನಿಂದಲೇ ಸಡಿಲ, ಹಿಡಿತ ಕಮ್ಮಿ. ಒದ್ದೆ ಕೈಯಲ್ಲಿ ಸ್ಟೀಲಿನ ಚೊಂಬು ಜಾರಿ ಕಾಲ ಮೇಲೆ ಬೀಳುತ್ತಿತ್ತು, ಅವಳು ಹೆದರಿ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಚೊಂಬು ಬದಲಿಸಿ ಹಿಡಿಯಿರುವ ಪ್ಲಾಸ್ಟಿಕ್ ಮಗ್ ಇಟ್ಟೆವು. ನೀರು ಅರ್ಧ ಮಾತ್ರ. ನೋಟ್‌ಬುಕ್ಕಿನಲ್ಲಿ ಬರೆದ ಗುರಿ ಹೀಗಿದೆ: "ಸಂಜೆ ಸ್ನಾನದಲ್ಲಿ ಪುಟ್ಟಿ ಅರ್ಧ ಮಗ್ ನೀರನ್ನು ಎರಡೂ ಹೆಗಲಿಗೆ ತಾನೇ ಸುರಿದುಕೊಳ್ಳುತ್ತಾಳೆ. ಅಮ್ಮ ಬಾಗಿಲ ಬಳಿ ನಿಂತಿರುತ್ತಾಳೆ, ಮಾತಾಡುವುದಿಲ್ಲ." ಹಂಡೆಯಿಂದ ಬಿಸಿನೀರು ತೋಡಿ ಹದ ಮಾಡುವುದು ಇವತ್ತಿಗೂ ನಮ್ಮದೇ ಕೆಲಸ.

"ಮಾತಾಡುವುದಿಲ್ಲ" ಎಂದು ಸೇರಿಸಿದ್ದಕ್ಕೆ ಕಾರಣ ಇದೆ. ಕೈ ಹಿಡಿದು ಮಾಡಿಸುವುದನ್ನು ಬಿಡುವುದು ಸುಲಭ, ಬಾಯಿ ಸಹಾಯ ಬಿಡುವುದು ಬಹಳ ಕಷ್ಟ. "ಹಾಕ್ಕೊ, ಇನ್ನೊಂದು ಹಾಕ್ಕೊ" ಎಂದು ಪ್ರತಿ ಸಲ ಹೇಳುತ್ತಿದ್ದರೆ ಮಗು ನೀರಿಗಲ್ಲ, ನಮ್ಮ ದನಿಗೆ ಕಾಯುತ್ತದೆ.

ಚಡ್ಡಿ ಹಾಕಿಕೊಳ್ಳುವುದನ್ನು ಕೊನೆಯಿಂದ ಹಿಂದಕ್ಕೆ ಕಲಿಸಿದೆವು. ಮೊದಲು ಎಲ್ಲ ನಾನೇ ಮಾಡಿ ಮಂಡಿವರೆಗೆ ಏರಿಸುವುದು, ಅಲ್ಲಿಂದ ಸೊಂಟಕ್ಕೆ ಅವಳು ಎಳೆದುಕೊಳ್ಳುವುದು. ಅದು ಗಟ್ಟಿಯಾದ ಮೇಲೆ ಮೀನಖಂಡದಿಂದ, ಆಮೇಲೆ ಪಾದದಿಂದ. ಕೆಲಸ ಮುಗಿಸುವುದು ಯಾವಾಗಲೂ ಅವಳ ಕೈಯಲ್ಲೇ. ಹಾಗಾಗಿ ಪ್ರತಿ ಸಲವೂ ಅವಳಿಗೆ ಗೆದ್ದ ಖುಷಿ. ಫ್ರಾಕಿನ ಗುಂಡಿ ಮಾತ್ರ ಹತ್ತಲಿಲ್ಲ. ಗುಂಡಿಯ ಗುರಿ ಕೈಬಿಟ್ಟು ಅವಳ ಬಟ್ಟೆಗಳನ್ನೇ ಗುಂಡಿಯಿಲ್ಲದ್ದಕ್ಕೆ ಬದಲಿಸಿದೆವು. ಎಲ್ಲ ಸಲವೂ ಮಗುವೇ ಬದಲಾಗಬೇಕು ಎಂದೇನಿಲ್ಲ.

ಲೆಕ್ಕ ಇಡುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ. ಕೈ ಹಿಡಿದು ಮಾಡಿಸಿದರೆ "ಕೈ", ಸನ್ನೆ ತೋರಿಸಿದರೆ "ಸ", ಹೇಳಿ ಮಾಡಿಸಿದರೆ "ಮಾ", ತಾನೇ ಮಾಡಿದರೆ "ತಾ". ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯ ಮೌಲ್ಯಮಾಪನ ಪಟ್ಟಿಯಲ್ಲೂ ಸಹಾಯದ ಮಟ್ಟ ಗುರುತಿಸುವ ಇಂಥದೇ ಕ್ರಮ ಇದೆ, ನಾವು ಅದನ್ನು ಮನೆಗೆ ತಕ್ಕಂತೆ ಸಣ್ಣದು ಮಾಡಿಕೊಂಡೆವು. ಚೌಕದಲ್ಲಿ ಬರೆಯುವುದಕ್ಕೆ ಯಾರಾದರೂ ಆಗಬಹುದು. ನನ್ನ ಗಂಡ ಬರೆದದ್ದಕ್ಕೂ ನಾನು ಬರೆದದ್ದಕ್ಕೂ ತಾಳೆಯಾಗದಿದ್ದರೆ ಗುರಿಯ ವಾಕ್ಯ ಸರಿಯಿಲ್ಲ ಎಂದೇ ಅರ್ಥ, ತಿದ್ದಿ ಬರೆಯುತ್ತೇವೆ. ಒಂದು ತಿಂಗಳು "ಮಾ" ಅಲ್ಲಾಡದೆ ಕೂತರೆ ಮೆಟ್ಟಿಲನ್ನು ಇನ್ನೂ ಸಣ್ಣದು ಮಾಡುತ್ತೇವೆ.

ನಮ್ಮತ್ತೆಯನ್ನು ಒಪ್ಪಿಸುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. "ಆ ಕೂಸನ್ನ ಎಂತಕ್ಕೆ ಗೋಳು ಹೊಯ್ಕಂತೀಯೆ ಮಾರಾಯ್ತಿ? ನಾನೇ ತಿನ್ನಿಸ್ತೀನಿ ಬಿಡು" ಎನ್ನುತ್ತಿದ್ದರು. ವಾದ ಮಾಡಿ ಪ್ರಯೋಜನವಿಲ್ಲ. ತಿಂಡಿಯ ಗುರಿಯನ್ನೇ ಅವರ ಸುಪರ್ದಿಗೆ ಕೊಟ್ಟೆ: ದೋಸೆಯನ್ನು ಪುಟ್ಟಿ ಎರಡು ಕೈಯಲ್ಲಿ ಹರಿದು, ಚಟ್ನಿ ಮುಟ್ಟಿಸಿ ಬಾಯಿಗಿಡಬೇಕು, ಆಯಿತೋ ಇಲ್ಲವೋ ಎಂಬ ತೀರ್ಪು ಅಜ್ಜಿಯದು. ಈಗ ನಾನು ಹತ್ತಿರ ಹೋದರೆ ಅವರೇ ಗದರುತ್ತಾರೆ, "ನೀ ಸುಮ್ನಿರು, ಅದು ತಿಂತದೆ."

ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆ ತಿಂಗಳುಗಳಲ್ಲಿ ಪಾಠ ನಿಲ್ಲುತ್ತದೆ ಎಂದು ಮೊದಮೊದಲು ನನಗೆ ಆತಂಕವಿತ್ತು. ಆದರೆ ಬಣ್ಣ, ಗುಂಪು ಮಾಡುವುದು, ತುಂಬಿದ್ದು ಖಾಲಿಯಾದದ್ದು, ಇವಕ್ಕೆಲ್ಲ ಅಡಿಕೆ ಅಂಗಳಕ್ಕಿಂತ ಒಳ್ಳೆಯ ಶಾಲೆ ಎಲ್ಲಿದೆ? ಕೊನೆ ಉದುರಿಸಿದ ಮೇಲೆ ಹಸಿ ಅಡಿಕೆಯ ರಾಶಿಯಿಂದ ಕೇಸರಿಗೆ ತಿರುಗಿದ ಹಣ್ಣಡಿಕೆ ಬೇರೆ ಮಾಡಬೇಕು. ಹಸಿಯದು ಸುಲಿದು ಬೇಯಿಸಿ ಕೆಂಪಡಿಕೆಯಾಗುತ್ತದೆ, ಹಣ್ಣು ಸಿಪ್ಪೆ ಸಮೇತ ಒಣಗುವುದಕ್ಕೆ ಹೋಗುತ್ತದೆ. ಇದು ಆಟಕ್ಕೆ ಹುಟ್ಟಿಸಿದ ಕೆಲಸವಲ್ಲ, ಯಾರಾದರೂ ಮಾಡಲೇಬೇಕು. ಪುಟ್ಟಿಗೆ ಒಂದು ಸಣ್ಣ ಬುಟ್ಟಿ, ಅದರ ತಳದಲ್ಲಿ ಮಾದರಿಗೆ ಒಂದು ಹಣ್ಣಡಿಕೆ. ಬುಟ್ಟಿ ತುಂಬಿದಾಗ ಎತ್ತಿಕೊಂಡು ಹೋಗಿ ಅಜ್ಜಯ್ಯನ ಮುಂದೆ ಸುರಿಯಬೇಕು. ಹಸಿ ಅಡಿಕೆ ಬೆರೆತಿದ್ದರೆ ಅಜ್ಜಯ್ಯ ಏನೂ ಹೇಳದೆ ಅದನ್ನು ಅವಳ ಅಂಗೈಗೆ ಇಡುತ್ತಾರೆ, ಅವಳು ವಾಪಸು ರಾಶಿಗೆ ಹಾಕಿ ಬರುತ್ತಾಳೆ. ಇದರ ಜೊತೆಗೇ ಇದ್ದ ಇನ್ನೊಂದು ಗುರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯದು. ಸುಲಿಯುವವರು ಕೂರುವ ಜಾಗದ ಸುತ್ತ ಸುಣ್ಣದ ಗೆರೆ. ಕರೆದರೂ ಅದರೊಳಗೆ ಕಾಲಿಡಬಾರದು. ಪರೀಕ್ಷೆ ಮಾಡಲು ಅವಳ ಚಿಕ್ಕಪ್ಪನೇ ಒಳಗಿನಿಂದ ಕರೆಯುವುದು, ಅವಳು ಗೆರೆಯ ಮೇಲೆ ನಿಂತು ತಲೆ ಅಲ್ಲಾಡಿಸುವುದು.

ಮಾತಿನ ಗುರಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಉಂಬಳದ್ದು, ಅಂದರೆ ಜಿಗಣೆಯದ್ದು. ಈ ಮಕ್ಕಳಿಗೆ ಮಾತಾಡಲು ಬರುವುದಕ್ಕಿಂತ ಅರ್ಥವಾಗುವುದು ಹೆಚ್ಚು, ನೋವನ್ನು ಹೇಳಿಕೊಳ್ಳುವುದಂತೂ ನಿಧಾನ. ಮಳೆಗಾಲದಲ್ಲಿ ಅವಳ ಕಾಲಿಗೆ ಉಂಬಳ ಹತ್ತಿ ರಕ್ತ ಕುಡಿದು ದಪ್ಪಗಾಗಿ ಉದುರಿದ ಮೇಲೆ ನಮಗೆ ಗೊತ್ತಾಗುತ್ತಿತ್ತು. ಹಾಗಾಗಿ ಗುರಿ "ಅ ಆ ಇ ಈ" ಉಚ್ಚಾರಕ್ಕಲ್ಲ, ಇದಕ್ಕೆ: ಮೈಮೇಲೆ ಏನಾದರೂ ಆದರೆ ಹತ್ತಿರದವರ ಸೆರಗು ಜಗ್ಗಿ ಆ ಜಾಗ ತೋರಿಸುವುದು. ಮೊದಲು ಸನ್ನೆ, ಜೊತೆಗೆ ನಾವು ಆಡುವ ಮಾತು. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಸನ್ನೆ ಇಂಥ ಮಕ್ಕಳ ಮಾತಿಗೆ ಊರುಗೋಲಾಗುತ್ತದೆಯೇ ಹೊರತು ಅಡ್ಡಿಯಲ್ಲ. ಈಗ ಉಂಬಳ ಕಂಡರೆ "ಉಂಬ" ಎನ್ನುತ್ತಾಳೆ. ಹೊಟ್ಟೆನೋವಿಗೂ "ಉಂಬ" ಎನ್ನುತ್ತಾಳೆ. ತೋರಿಸುವ ಜಾಗ ಸರಿ ಇರುತ್ತದೆ, ನನಗೆ ಅಷ್ಟು ಸಾಕು.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳಿಗೆ ಕೇಳಿದ್ದಕ್ಕಿಂತ ನೋಡಿದ್ದು ನೆನಪಿರುತ್ತದೆ. ಅದಕ್ಕೆ ಅಕ್ಷರಮಾಲೆ ಬದಿಗಿಟ್ಟು ಇಡೀ ಪದದಿಂದ ಹೊರಟೆವು. ಫೋಟೋ ಕೆಳಗೆ ಅಜ್ಜಿ, ಅಮ್ಮ, ಡಬ್ಬಿಯ ಮೇಲೆ ಉಪ್ಪು, ಸಕ್ಕರೆ, ಬೆಲ್ಲ. ಒತ್ತಕ್ಷರ ಅವಳಿಗೆ ತೊಡಕೇ ಆಗಲಿಲ್ಲ, ಯಾಕೆಂದರೆ ಅದು ಒತ್ತಕ್ಷರ ಎಂದು ಅವಳಿಗೆ ಗೊತ್ತೇ ಇಲ್ಲ. ಬೆಲ್ಲದ ಡಬ್ಬಿ ಎಲ್ಲಿಟ್ಟರೂ ಹುಡುಕುತ್ತಾಳೆ. ಎಣಿಕೆ ಎಂದರೆ ಊಟಕ್ಕೆ ತಟ್ಟೆ ಇಡುವುದು.

ಪಟ್ಟಿ ಬದಲಿಸುವ ಹೊತ್ತು ನಮಗೆ ಭೂಮಿ ಹುಣ್ಣಿಮೆ, ಶಿವರಾತ್ರಿ, ಮತ್ತೆ ಮಳೆ ಹಿಡಿಯುವ ಮೊದಲು. ಪಾಚಿಗಟ್ಟಿದ ಅಂಗಳದಲ್ಲಿ ನಡಿಗೆಯ ಗುರಿ ಇಟ್ಟರೆ ಸೊಂಟ ಮುರಿಯುವುದೇ ಗ್ಯಾರಂಟಿ, ಅದಕ್ಕೆ ಮಳೆಗಾಲದಲ್ಲಿ ಜಗಲಿ ಮೆಟ್ಟಿಲು, ಅಟ್ಟದ ಏಣಿ. ಲಾಗ ಹಾಕಿಸುವುದು ಮಾತ್ರ ಯಾವ ಕಾಲಕ್ಕೂ ಇಲ್ಲ. ಡೌನ್ ಸಿಂಡ್ರೋಮ್‌ನಲ್ಲಿ ಕುತ್ತಿಗೆಯ ಮೇಲಿನ ಕೀಲು ಸಡಿಲ ಇರುವ ಸಂಭವ ಉಂಟು, ವೈದ್ಯರನ್ನು ಕೇಳದೆ ಅಂಥ ಕಸರತ್ತು ಬೇಡ. ಒಂದು ಹೊತ್ತಿಗೆ ನಾಲ್ಕು ಗುರಿಗಿಂತ ಹೆಚ್ಚು ಇಡುವುದಿಲ್ಲ. ಮೇಷ್ಟ್ರ ನಮೂನೆಯಲ್ಲಿ ಜಾಗ ಇನ್ನೂ ಇರುತ್ತದೆ, ಖಾಲಿ ಬಿಡಿ ಎನ್ನುತ್ತೇನೆ. ಶೂ ಲೇಸು ಕಟ್ಟುವುದು, ಗೆರೆ ದಾಟದಂತೆ ಬಣ್ಣ ತುಂಬುವುದು, ಅರ್ಧ ಗಂಟೆ ಅಲ್ಲಾಡದೆ ಕೂರುವುದು, ಇವೆಲ್ಲ ಯಾವುದೋ ಪಟ್ಟಿಯಿಂದ ಬಂದು ಹಾಗೇ ಹೊಡೆದು ಹೋದವು. ಇಲ್ಲಿ ಶೂ ಹಾಕುವವರು ಯಾರು?

ಈ ಶಿವರಾತ್ರಿಯ ಪಟ್ಟಿಯಲ್ಲಿ ಹೊಸದು ಎಂದರೆ ಪ್ಯಾಡು. ಹತ್ತಾಯಿತು, ಮುಟ್ಟು ಇನ್ನೇನು ಬರಬಹುದು. ರಕ್ತ ನೋಡಿ ಹೆದರಿದ ದಿನ ಕಲಿಸಲು ಕೂತರೆ ಆಗುವುದಿಲ್ಲ. ಈಗಿನಿಂದಲೇ ವಾರಕ್ಕೊಮ್ಮೆ ಚಡ್ಡಿಗೆ ಪ್ಯಾಡು ಅಂಟಿಸಿ ಹಾಕಿಕೊಂಡು ಒಂದು ಹೊತ್ತು ಇರುವುದು, ತೆಗೆದು ಕಾಗದದಲ್ಲಿ ಸುತ್ತುವುದು, ಮತ್ತೆ ಬಚ್ಚಲಿನ ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುವುದು. ಅತ್ತೆಗೆ ಇದು ಸುತರಾಂ ಹಿಡಿಸಿಲ್ಲ. ನಾಲ್ಕನೆಯ ಜಾಗಕ್ಕೆ ನನ್ನದು, ಕೆಳಗಿನ ಮನೆಗೆ ಮಜ್ಜಿಗೆ ತಂಬಿಗೆ ಒಬ್ಬಳೇ ಕೊಟ್ಟು ಬರುವುದು. ಅವರ ಮನೆಯ ನಾಯಿ ಕಟ್ಟಿರುವುದಿಲ್ಲ, ಬೇಡ ಎನ್ನುತ್ತಾರೆ ಗಂಡ. ಅರ್ಧ ದಾರಿಗೆ, ಹಲಸಿನ ಮರದ ತನಕ ಮಾತ್ರ ಇಡೋಣ ಎಂದಿದ್ದೇನೆ. ಇನ್ನೂ ಒಪ್ಪಿಲ್ಲ.